ಗಾಳಿ ಬಿಸಿಲುಗಳನ್ನು ಅಳೆದ ಅನ್ನಾ ಮಣಿಯವರು

ನಮ್ಮ ಶಾಲೆಯ ಬಾಲಿಕೆಯರಲ್ಲಿ ಅನೇಕರ ತಂದೆತಾಯಿಗಳು ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ದಿನದ ಕೆಲಸವೆಲ್ಲ ವ್ಯರ್ಥವಾಗುವುದೆಂದು ಅವರಿಗೆ ನಾವು ಹೇಳಬೇಕಾದುದಿಲ್ಲ. ಆ ಪೀಣ್ಯಕ್ಕೆ ಕೆಲವೇ ಮೈಲಿ ದೂರದ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಂಶೋಧನೆ ನಡೆಸಿ, ಮುಂದೆ ನಮ್ಮ ದೇಶದ ಹವಾಮಾನದ ಅಳತೆಯನ್ನು ನೆಚ್ಚತಕ್ಕದ್ದನ್ನಾಗಿ ಮಾಡಿದ ಮಹಿಳೆಯೊಬ್ಬರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ತಿಳಿಸುತ್ತೇವೆ.

ಅನ್ನಾ ಮಣಿಯವರು 1918ನೆಯ ಇಸವಿ ಆಗಸ್ಟ್ 23ರಂದು ತಿರುವಾಂಕೂರು ಸಂಸ್ಥಾನದ ಪೀರ್‌ಮೇಡಿನಲ್ಲಿ ಜನಿಸಿದರು. ತಂದೆಯವರು ಇಂಜಿನಿಯರರು, ಏಲಕ್ಕಿ ತೋಟಗಳ ಒಡೆಯರು. ಗಂಡುಮಕ್ಕಳಿಗೆ ಉದ್ಯೋಗ, ಹೆಣ್ಣುಮಕ್ಕಳಿಗೆ ವಿವಾಹ ಎಂಬುದೇ ಆ ಮನೆತನದ ವಾಡಿಕೆ. ಎಂಟನೆಯ ಹುಟ್ಟುಹಬ್ಬದಂದು ವಜ್ರದ ಓಲೆಗಳನ್ನು ಕೊಡಬಂದಾಗ ಬಾಲಿಕೆಯು ಅವನ್ನು ಒಲ್ಲದೆ, ಬ್ರಿಟಾನಿಕಾ ವಿಶ್ವಕೋಶವನ್ನು ಬೇಡಿದಳು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, 1940ರಲ್ಲಿ ಬೆಂಗಳೂರಿಗೆ ಬಂದು ಸರ್ ಸಿ. ವಿ. ರಾಮನ್ನರ ಪ್ರಯೋಗಶಾಲೆಯನ್ನು ಸೇರಿದರು. ಓಲೆಯ ವಜ್ರವನ್ನು ಒಲ್ಲದವರು ಇಲ್ಲಿ ವಜ್ರ ಮಾಣಿಕ್ಯಗಳ ಬೆಳಕನ್ನೇ ಪರೀಕ್ಷಿಸುವವರಾದರು. ಒಂದೊಂದು ಛಾಯಾಚಿತ್ರಕ್ಕೆ ಹದಿನೈದು ಇಪ್ಪತ್ತು ಗಂಟೆ ಕಾಯಬೇಕಾಗಿತ್ತು. ರಾತ್ರಿಗಳು ಪ್ರಯೋಗಶಾಲೆಯಲ್ಲಿಯೇ ಕಳೆಯುತ್ತಿದ್ದವು. ಐದು ಸಂಶೋಧನ ಲೇಖನಗಳು ಪ್ರಕಟವಾದವು. 1945ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಪ್ರಬಂಧವನ್ನು ಒಪ್ಪಿಸಿದಾಗ, ಎಂ. ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಡಾಕ್ಟರ್ ಪದವಿಯು ನಿರಾಕರಿಸಲ್ಪಟ್ಟಿತು. ಅವರು ಧೃತಿಗೆಡಲಿಲ್ಲ.

ಅದೇ ವರ್ಷ ಸರಕಾರದ ವಿದ್ಯಾರ್ಥಿವೇತನದಿಂದ ಲಂಡನ್ನಿಗೆ ತೆರಳಿದರು. ಬಯಸಿದ್ದು ಭೌತಶಾಸ್ತ್ರ, ದೊರೆತದ್ದು ಹವಾಮಾನದ ಉಪಕರಣಗಳ ವ್ಯಾಸಂಗ. ದೊರೆತದ್ದನ್ನೇ ಮನಃಪೂರ್ವಕವಾಗಿ ಕಲಿತು, 1948ರಲ್ಲಿ ಹಿಂದಿರುಗಿ, ಪುಣೆಯ ಹವಾಮಾನ ಇಲಾಖೆಯನ್ನು ಸೇರಿದರು. ಆಗ ಸಾಮಾನ್ಯ ಉಷ್ಣಮಾಪಕವೂ ಹೊರದೇಶದಿಂದ ಬರಬೇಕಾಗಿತ್ತು. 1953ರ ವೇಳೆಗೆ ಅವರ ಕೈಕೆಳಗೆ 121 ಮಂದಿ ಪುರುಷರು ಕೆಲಸಮಾಡುತ್ತಿದ್ದರು. ಸುಮಾರು ನೂರು ಉಪಕರಣಗಳ ನಕ್ಷೆಗಳು ಅಲ್ಲಿ ಸಿದ್ಧವಾಗಿ, ದೇಶದಲ್ಲಿಯೇ ತಯಾರಿಕೆಗೆ ದಾರಿಯಾಯಿತು.

ವಾಯುಭಾರವು ಹೆಚ್ಚಿದರೆ ನಾಳದೊಳಗಿನ ಪಾದರಸವು ಏರುತ್ತದೆ. ಗಾಳಿ ಬೀಸಿದರೆ ಬಟ್ಟಲುಗಳು ಗಿರ್ರನೆ ತಿರುಗಿ ಅದರ ವೇಗವನ್ನು ತಿಳಿಸುತ್ತವೆ. ಗಾಜಿನ ಗುಮ್ಮಟದೊಳಗಿನ ಕಪ್ಪು ತಟ್ಟೆಯು ಬಿಸಿಲಿಗೆ ಕಾದು, ಅದರಿಂದ ಹುಟ್ಟುವ ಅಲ್ಪ ವಿದ್ಯುತ್ತು ಬಿಸಿಲಿನ ಪ್ರಮಾಣವನ್ನು ಹೇಳುತ್ತದೆ. ಆದರೆ ಉಪಕರಣವು ಹೇಳಿದ್ದೆಲ್ಲ ಸತ್ಯವಲ್ಲ. ಪ್ರಮಾಣಭೂತ ಉಪಕರಣದೊಡನೆ ಹೋಲಿಸಿ, ದೋಷವನ್ನು ತಿದ್ದಿದ ಮೇಲೆಯೇ ಅದನ್ನು ನಂಬಬಹುದು. ತಪ್ಪು ಅಳತೆಗಿಂತ ಅಳೆಯದಿರುವುದೇ ಲೇಸೆಂಬುದು ಮಣಿಯವರ ದೃಢವಾದ ನಂಬಿಕೆಯಾಗಿತ್ತು. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಬಿಸಿಲನ್ನು ಅಳೆಯುವ ಕೇಂದ್ರಗಳನ್ನು ದೇಶದ ಹಲವೆಡೆ ಸ್ಥಾಪಿಸಿದರು. ಬೆಲೂನಿಗೆ ಕಟ್ಟಿ ಆಕಾಶಕ್ಕೆ ಬಿಟ್ಟು ಓಜೋನ್ ಅನಿಲವನ್ನು ಅಳೆಯುವ ಉಪಕರಣವೂ ಅವರ ಶ್ರಮದಿಂದ ಇಲ್ಲಿಯೇ ಸಿದ್ಧವಾಯಿತು.

1976ರಲ್ಲಿ ಇಲಾಖೆಯ ಉಪಮಹಾನಿರ್ದೇಶಕರಾಗಿ ನಿವೃತ್ತರಾದ ಮೇಲೆ ಪುನಃ ಬೆಂಗಳೂರಿಗೆ ಬಂದು, ರಾಮನ್ ಸಂಶೋಧನ ಮಂದಿರದಲ್ಲಿ ಕೆಲಕಾಲ ಸೇವೆ ಸಲ್ಲಿಸಿದರು. ಗಾಳಿಯನ್ನೂ ಬಿಸಿಲನ್ನೂ ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆಯೊಂದನ್ನು ಈ ನಗರದಲ್ಲಿಯೇ ನಡೆಸಿದರು. ಭಾರತದ ಬಿಸಿಲಿನ ಅಂಕಿಅಂಶಗಳನ್ನು 1980ರಲ್ಲಿಯೂ, ಗಾಳಿಯವುಗಳನ್ನು 1983ರಲ್ಲಿಯೂ ಗ್ರಂಥರೂಪದಲ್ಲಿ ಹೊರತಂದರು. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳನ್ನೂ ಪಾವಗಡದ ಸೌರಫಲಕಗಳನ್ನೂ ನೋಡುವವರು, ಇಂತಹ ಲೆಕ್ಕವಿಲ್ಲದೆ ಅವುಗಳ ಸ್ಥಳವನ್ನು ನಿಶ್ಚಯಿಸಲಾಗದೆಂಬುದನ್ನು ನೆನೆಯಬೇಕು. 2001ನೆಯ ಇಸವಿ ಆಗಸ್ಟ್ 16ರಂದು ಅವರು ತಿರುವನಂತಪುರದಲ್ಲಿ ಕಾಲವಾದರು.

ನಿರಾಕರಿಸಿದ ಪದವಿಯು ಅವರಿಗೆ ಕೊನೆಗೂ ಬರಲಿಲ್ಲ. ಆ ಪ್ರಬಂಧವು ಮಾತ್ರ ರಾಮನ್ ಸಂಶೋಧನ ಮಂದಿರದಲ್ಲಿ ಉಳಿದಿದೆ. ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ: ಹತ್ತನೆಯ ತರಗತಿ ಮುಗಿದೊಡನೆ ಮಗಳಿಗೆ ಓಲೆ ಬಳೆಗಳ ಲೆಕ್ಕವನ್ನು ತೆಗೆಯುವ ಮುನ್ನ, ಅವಳು ಬೇಡುವುದೇನೆಂದು ಒಮ್ಮೆ ಕೇಳಿರಿ. ಪುಸ್ತಕವೆಂದರೆ ಕೊಡಿಸಿರಿ.