ದೊಡ್ಡಸ್ವಾಮಿಯವರ ತೀರ್ಪು

ವೇದಸಾಕ್ಷಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಸ್ಮರಿಸುವುದು ಧರ್ಮಸಭೆಯ ಪುರಾತನ ರೂಢಿ. ಶ್ರೀರಂಗಪಟ್ಟಣದಲ್ಲಿ ಸೆರೆಯಿದ್ದ ಕ್ರೈಸ್ತರ ಪೈಕಿ ಅಂತಹ ಕಲ್ಲಿಗೆ ಅರ್ಹರಾದವರು ಒಬ್ಬರೂ ಇಲ್ಲವೆಂದು ಬರೆದಿಟ್ಟವರು ಪರರಲ್ಲ. ಅವರನ್ನು ಮರಳಿ ಸಭೆಗೆ ಸೇರಿಸಿಕೊಂಡ ಗುರು ಅಬ್ಬೆ ದುಬುವಾ. ಅವರ ಬದುಕನ್ನು ಅರಿಯದೆ ಈ ಕಠಿಣ ತೀರ್ಪನ್ನು ನಾವು ತೂಗಲಾರೆವು.

ದುಬುವಾ ಫ್ರಾನ್ಸ್ ದೇಶದ ಆರ್ದೆಶ್ ಸೀಮೆಯವರು. 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಮೂಲಕ ಅದೇ ವರ್ಷ ಭಾರತಕ್ಕೆ ಹೊರಟರು. ಆ ಸೆಪ್ಟೆಂಬರಿನಲ್ಲಿ ಕ್ರಾಂತಿಕಾರರು ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಗುರುಗಳನ್ನು ಕೊಂದರು. ದೂರ ಸಾಗಿದ್ದ ದುಬುವಾ ಉಳಿದರು.

ತಮಿಳು ಸೀಮೆಯಲ್ಲಿ ಕೆಲವು ವರ್ಷ ದುಡಿದ ಮೇಲೆ, 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಅವರಿಗೆ ಇಲ್ಲಿಂದ ಕರೆ ಬಂದಿತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದಿಂದ ಸಹಸ್ರಾರು ಕ್ರೈಸ್ತರನ್ನು ಸೆರೆಹಿಡಿದು ಇಲ್ಲಿಗೆ ತರಲಾಗಿತ್ತು. ಅವರ ಸಂಖ್ಯೆಯನ್ನು ದುಬುವಾ 60,000 ಎನ್ನುತ್ತಾರೆ. ಇತಿಹಾಸಕಾರರಲ್ಲಿ ಈ ವಿಷಯದಲ್ಲಿ ಒಮ್ಮತವಿಲ್ಲ. ಹದಿನೈದು ವರ್ಷಗಳಲ್ಲಿ ಅಳಿದವರು ಅನೇಕರು. ಬಲವಂತಕ್ಕೆ ಮಣಿದು ಮತಾಂತರಗೊಂಡು ಉಳಿದವರು ದುಬುವಾ ಅವರ ಬಳಿ ಬಂದು ತಪ್ಪೊಪ್ಪಿ ಮರಳಿದರು. ಗಂಜಾಮಿನ ದೇವಾಲಯ ಇಂದಿಗೂ ಅವರ ಹೆಸರಿನೊಡನೆ ಬೆಸೆದುಕೊಂಡಿದೆ.

ದೇಶೀಯ ಉಡುಪನ್ನು ತೊಟ್ಟು, ಇಲ್ಲಿಯ ಆಚಾರಗಳನ್ನು ಕಲಿತ ಇವರನ್ನು ಜನರು ದೊಡ್ಡಸ್ವಾಮಿಯವರೆಂದು ಕರೆದರು. ಹಾಸನದ ಸಾತಳ್ಳಿಯಲ್ಲಿ ಕ್ರೈಸ್ತರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬು ಹರಡಿದಾಗ 1803-04ರಲ್ಲಿ 25,432 ಮಂದಿಗೆ ಲಸಿಕೆ ಹಾಕಿಸಿದರು. ಆದರೂ 1823ರಲ್ಲಿ ಭಾರತವನ್ನು ಬಿಟ್ಟಾಗ ಅವರು ನಿರಾಶರಾಗಿದ್ದರು. ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ, ಇಷ್ಟು ಸಾವಿರ ಜನರಲ್ಲಿ ವಿಶ್ವಾಸಕ್ಕಾಗಿ ಪ್ರಾಣಕೊಡುವ ಧೈರ್ಯ ಒಬ್ಬರಿಗೂ ಇರಲಿಲ್ಲವೆಂದು ನೊಂದು ಬರೆದರು. 1848ರಲ್ಲಿ ಪ್ಯಾರಿಸ್ಸಿನಲ್ಲಿ ದೈವಾಧೀನರಾದರು.

ಈ ಪ್ರಶ್ನೆ ಧರ್ಮಸಭೆಗೆ ಹೊಸತಲ್ಲ. ಚಕ್ರವರ್ತಿ ಡೇಸಿಯಸನ ಹಿಂಸೆಯ ಕಾಲದಲ್ಲಿ ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನ್ ಮೊದಲು ಅಡಗಿಕೊಂಡರು. ಎಡವಿದವರನ್ನು ಪ್ರಾಯಶ್ಚಿತ್ತದ ಬಳಿಕ ಮರಳಿ ಸೇರಿಸಿಕೊಂಡರು. 258ರಲ್ಲಿ ತಾವೇ ತಲೆಯೊಡ್ಡಿದರು. ಮೂರು ಬಾರಿ ಅಲ್ಲಗಳೆದ ಪೇತ್ರನೇ ಸಭೆಯ ಬಂಡೆಯಾದನು. ಗ್ರೀಕ್ ಭಾಷೆಯಲ್ಲಿ ವೇದಸಾಕ್ಷಿ ಎಂಬುದರ ಮೂಲಪದಕ್ಕೆ ಸಾಕ್ಷಿ ಎಂದಷ್ಟೇ ಅರ್ಥ. ಪ್ರಾಣಾರ್ಪಣೆಯೇ ಪರಮಸಾಕ್ಷ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಹದಿನೈದು ವರ್ಷ ಹೆಸರು, ಉಡುಪು, ಪ್ರಾರ್ಥನೆಗಳನ್ನೆಲ್ಲ ಕಳೆದುಕೊಂಡರೂ ಬಾಗಿಲು ತೆರೆದ ದಿನವೇ ಮರಳಿ ಬಂದವರ ಒಳಗೆ ಆರದೆ ಉಳಿದದ್ದು ಯಾವುದು? ದೊಡ್ಡಸ್ವಾಮಿಯವರ ಲೇಖನಿ ಅವರನ್ನು ಖಂಡಿಸಿತು. ಅವರ ಕೈಗಳು ಅವರನ್ನು ಬರಮಾಡಿಕೊಂಡವು. ಇವೆರಡರಲ್ಲಿ ನಾವು ಕೈಗಳನ್ನೇ ನಂಬುತ್ತೇವೆ.

ನವೆಂಬರಿನ ಮೃತರ ಸ್ಮರಣೆಯಂದು ಗಂಜಾಮಿನ ಹಾದಿಯಲ್ಲಿ ಸಾಗುವ ವಿಶ್ವಾಸಿಗಳು, ಕಲ್ಲಿಗೇರದ ಈ ಹೆಸರುಗಳಿಗಾಗಿಯೂ ಅವರನ್ನು ಕ್ಷಮಿಸಿದ ಗುರುವಿಗಾಗಿಯೂ ಒಂದು ಪ್ರಾರ್ಥನೆ ಸಲ್ಲಿಸಲಿ.