ವಿಮಾನ ಕಟ್ಟಲು ದೊಡ್ಡ ಕಾರ್ಖಾನೆಯೇ ಬೇಕೇ? ಚಾರ್ಲಿ ಟೇಲರ್ ಕತೆ ನೋಡಿ

ಲೋಹದ ವಿಮಾನದ ಕಿಟ್ ತಂದು ಮನೆಯಲ್ಲೇ ಜೋಡಿಸಹೊರಟವರು ಉಪಕರಣಗಳ ಪಟ್ಟಿ ನೋಡಿಯೇ ಬೆದರುತ್ತಾರೆ. ನಿಜಕ್ಕೂ ಡ್ರಿಲ್, ರಿವೆಟ್ ಹೊಡೆಯುವ ಉಪಕರಣ, ತಗಡು ಹಿಡಿದಿಡುವ ಕ್ಲೀಕೊಗಳು, ಅರ ಇದ್ದರೆ ಕೆಲಸ ಶುರು ಮಾಡಬಹುದು. ನಂಬಿಕೆ ಬರುತ್ತಿಲ್ಲವೇ? ಹಾಗಾದರೆ ನಾವು ಹೇಳುವುದು ಚಾರ್ಲಿ ಟೇಲರ್ (1868–1956) ಕತೆ.

ಅಮೆರಿಕದ ಡೇಟನ್‌ನಲ್ಲಿ ರೈಟ್ ಸಹೋದರರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಇವರು. ವಿಮಾನದ ಎಂಜಿನ್ ಮಾಡಲು ಇವರ ಬಳಿಯಿದ್ದ ಮುಖ್ಯ ಯಂತ್ರಗಳು ಎರಡೇ: ಲೇತ್ ಮತ್ತು ಡ್ರಿಲ್ ಪ್ರೆಸ್. ಕ್ರ್ಯಾಂಕ್‌ಶಾಫ್ಟ್‌ಗಾಗಿ ಉಕ್ಕಿನ ಗಟ್ಟಿಯ ಮೇಲೆ ಆಕಾರ ಗೀಚಿ, ಗೆರೆಯುದ್ದಕ್ಕೂ ತೂತು ಕೊರೆದು, ಬೇಡದ್ದನ್ನು ಉಳಿಯಿಂದ ಹೊಡೆದು ತೆಗೆದರು. ಆಮೇಲೆ ಲೇತ್‌ಗೆ ಹಾಕಿದರು. ಆರು ವಾರಗಳಲ್ಲಿ ಎಂಜಿನ್ ಸಿದ್ಧ!

1903ರ ಫೆಬ್ರವರಿಯ ಪರೀಕ್ಷೆಯಲ್ಲಿ ಬೇರಿಂಗ್ ಬಿಗಿದುಕೊಂಡು ಅಲ್ಯೂಮಿನಿಯಂ ಕವಚವೇ ಒಡೆಯಿತು. ಹೊಸ ಎರಕಕ್ಕೆ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಡಿಸೆಂಬರ್ 17ರಂದು ಆ ಎಂಜಿನ್ ಹೊತ್ತ ವಿಮಾನ ಹಾರಿತು. ಹೆಸರು ಮಾತ್ರ ರೈಟ್ ಸಹೋದರರಿಗೆ ಹೋಯಿತು.