ಊರಭಿವೃದ್ಧಿಗೆ ದಾರಿ ತೋರಿದ ವಿಶ್ವೇಶ್ವರಯ್ಯನವರು

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಕೇಳಿದೊಡನೆ ನಮ್ಮ ಉಡುಮಲೈಪೇಟೆಯ ಕನ್ನಡ ಮನೆಗಳಲ್ಲಿ ಕನ್ನಂಬಾಡಿಯ ಕಟ್ಟೆಯೇ ಕಣ್ಮುಂದೆ ನಿಲ್ಲುತ್ತದೆ. ಅದು ಸಹಜವೇ. ಆದರೆ ಅವರು ಕಟ್ಟಿಸಿದ ಕಟ್ಟೆಗಳಿಗಿಂತಲೂ, ಊರನ್ನು ಊರವರೇ ಕಟ್ಟಿಕೊಳ್ಳಲೆಂದು ಅವರು ಹಾಕಿಕೊಟ್ಟ ದಾರಿಯು ನಮ್ಮಂಥವರಿಗೆ ಹೆಚ್ಚು ಹತ್ತಿರದ್ದೆಂದು ನಾವು ಬಗೆದಿದ್ದೇವೆ. ಆದಕಾರಣ ಈ ಸಂಚಿಕೆಯಲ್ಲಿ ಅವರ ಜೀವಿತದ ಆ ಮುಖವನ್ನೇ ಮುಖ್ಯವಾಗಿ ನಿರೂಪಿಸುತ್ತೇವೆ.

ಅವರು ಜನಿಸಿದ್ದು 1861ನೆಯ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರಕ್ಕೆ ಸಮೀಪದ ಮುದ್ದೇನಹಳ್ಳಿಯಲ್ಲಿ. ಪೂರ್ವಿಕರು ತೆಲುಗು ಸೀಮೆಯ ಮೋಕ್ಷಗುಂಡದವರು, ಮನೆಮಾತು ತೆಲುಗು. ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿ ಎಂಬ ಬಾಳು ನಮಗೇನು ಹೊಸದೇ! ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಹುಡುಗರಿಗೆ ಪಾಠ ಹೇಳಿ ಹೊಟ್ಟೆ ಹೊರೆದುಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಬಳಿಕ ಪುಣೆಯಲ್ಲಿ ಎಂಜಿನಿಯರಿಂಗ್ ವಿದ್ಯೆಯನ್ನು ಮುಗಿಸಿ, 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು.

ಆ ಸೇವಾಕಾಲದ ಒಂದು ಕಾರ್ಯವನ್ನು ಇಲ್ಲಿ ಹೇಳದಿರಲಾಗದು. 1900ರ ಸುಮಾರಿನಲ್ಲಿ ನೀರಾ ನಾಲೆಯ ನೀರೆಲ್ಲವೂ ಕೆಲವರ ಕಬ್ಬಿನ ಗದ್ದೆಗಳಿಗೇ ಹರಿಯುತ್ತಿತ್ತು. ಉಳಿದವರ ಹೊಲಗಳು ಒಣಗುತ್ತಿದ್ದವು. ವಿಶ್ವೇಶ್ವರಯ್ಯನವರು ಭೂಮಿಯನ್ನು ಭಾಗಗಳಾಗಿ ವಿಂಗಡಿಸಿ, ಬೆಳೆಗಳನ್ನೂ ನೀರನ್ನೂ ಸರದಿಯಂತೆ ಹಂಚುವ ಬ್ಲಾಕ್ ಪದ್ಧತಿಯನ್ನು ಯೋಜಿಸಿದರು. ಮೊದಮೊದಲು ರೈತರೂ ಪತ್ರಿಕೆಗಳೂ ಇದನ್ನು ವಿರೋಧಿಸಿದುದುಂಟು. ಅವರು ಅಪ್ಪಣೆ ಹೊರಡಿಸಿ ಕುಳಿತುಕೊಳ್ಳದೆ, ರೈತರಿಗೇ ಲೆಕ್ಕವನ್ನು ವಿವರಿಸಿ ಒಪ್ಪಿಸಿದರು. ಪರಂಬಿಕುಳಂ–ಆಳಿಯಾರ್ ಯೋಜನೆಯ ನೀರು ತಿರುಮೂರ್ತಿ ಅಣೆಕಟ್ಟಿನಿಂದ ವಲಯ ವಲಯವಾಗಿ, ಸರದಿಯ ಮೇಲೆ ಬರುವುದನ್ನು ಕಾಣುವ ನಮ್ಮ ಸುತ್ತಿನ ಬೇಸಾಯಗಾರರಿಗೆ ಇದರ ಬೆಲೆಯನ್ನು ಬೇರೆ ಹೇಳಬೇಕಿಲ್ಲ.

1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿ, 1912ರಲ್ಲಿ ದಿವಾನರಾಗಿ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸೇವೆ ಸಲ್ಲಿಸಿದರು. ಈ ನಡುವೆ 1911ರಲ್ಲಿ ಸ್ಥಾಪಿತವಾದ ಆರ್ಥಿಕ ಸಮ್ಮೇಳನವು ಕೃಷಿ, ವಿದ್ಯೆ, ಕೈಗಾರಿಕೆಗಳ ವಿಚಾರವಾಗಿ ಅಧಿಕಾರಿಗಳನ್ನೂ ಪ್ರಜೆಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿತು. 1914ರ ಗ್ರಾಮಾಭಿವೃದ್ಧಿ ಯೋಜನೆಯು ಆ ವಿಚಾರವನ್ನು ಹಳ್ಳಿಯ ಜಗಲಿಗೇ ತಂದಿತು. ಊರಿಗೊಂದು ಸಮಿತಿ, ಊರವರು ಕೂಡಿಸಿದ ಹಣಕ್ಕೆ ಸರ್ಕಾರದ ಪಾಲು, ವಾರಕ್ಕೆ ಅರ್ಧ ದಿನ ಊರಿನವರದೇ ದುಡಿಮೆ. ಬಾವಿ, ದಾರಿ, ಶಾಲೆ, ನೈರ್ಮಲ್ಯ ಇವುಗಳಲ್ಲಿ ತಮಗೆ ಮೊದಲು ಬೇಕಾದುದೇನೆಂದು ಗ್ರಾಮಸ್ಥರೇ ಯೋಚಿಸಬೇಕೆಂಬುದು ಇದರ ಹುರುಳು. ಅಂಕಿ ಅಂಶಗಳಿಲ್ಲದ ಯೋಜನೆಯನ್ನು ಅವರು ಯೋಜನೆಯೆಂದೇ ಗಣಿಸುತ್ತಿರಲಿಲ್ಲ. ಇರುವುದೇನು, ಕೊರತೆಯೇನು, ಒಂದು ವರ್ಷದಲ್ಲಿ ಆಗಬೇಕಾದುದೇನು ಎಂದು ಮೊದಲು ಎಣಿಸಿ ಬರೆದಿಡಬೇಕು. ಬೀದಿಯ ಚರಂಡಿಗಾಗಿ ಮನವಿ ಬರೆದು, ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾದು, ಆದರೂ ನಮ್ಮ ಬೀದಿಯಲ್ಲಿ ಮನೆಗಳೆಷ್ಟೆಂದು ಎಣಿಸಿ ನೋಡದ ನಮಗೆ ಈ ಮಾತು ಸ್ವಲ್ಪ ಚುಚ್ಚುತ್ತದೆ.

ಎಲ್ಲವೂ ಅವರೆಣಿಸಿದಂತೆ ಆಯಿತೆಂದು ನಾವು ಹೇಳುವುದಿಲ್ಲ. ಮೇಲಿನಿಂದ ಬಂದ ಉತ್ಸಾಹವು ಅಧಿಕಾರಿಯ ಕಣ್ಣು ತಪ್ಪಿದೊಡನೆ ತಗ್ಗುವುದು ಇಂಥ ಕಾರ್ಯಗಳ ಹುಟ್ಟುಗುಣ. ವಾರದ ಅರ್ಧ ದಿನವೆಂಬುದು ಉಳ್ಳವನಿಗೆ ಬಿಡುವು, ಕೂಲಿಯವನಿಗೆ ಅರ್ಧ ದಿನದ ಅನ್ನ ಎಂಬುದನ್ನೂ ಮರೆಯಲಾಗದು.

1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದುದಕ್ಕೂ ಆ ಆರ್ಥಿಕ ಸಮ್ಮೇಳನವೇ ಪ್ರೇರಣೆ. ಹೊಲದ ಏಳಿಗೆಗಾಗಿ ಕೂಡಿದ ಸಭೆಯು ನುಡಿಯ ಏಳಿಗೆಯನ್ನೂ ತನ್ನ ಕೆಲಸವೆಂದು ಭಾವಿಸಿದುದು ನಮ್ಮಂಥ ಸಂಘದವರಿಗೆ ಹೆಮ್ಮೆಯ ಸಂಗತಿ. ಮರುವರ್ಷವೇ ಮೈಸೂರು ವಿಶ್ವವಿದ್ಯಾನಿಲಯವು ತಲೆಯೆತ್ತಿತು.

1918ರ ಕೊನೆಗೆ ಅವರು ದಿವಾನಗಿರಿಯನ್ನು ತೊರೆದರು. ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ವರ್ಗಗಳಿಗೆ ಪಾಲು ಕೊಡುವ ವಿಚಾರದಲ್ಲಿ ಮಹಾರಾಜರಿಗೂ ಅವರಿಗೂ ಭಿನ್ನಾಭಿಪ್ರಾಯವಿತ್ತು. ಆ ವಿಷಯದಲ್ಲಿ ಕಾಲವು ಮಹಾರಾಜರ ಕಡೆಗೇ ಸಾಕ್ಷಿ ನುಡಿದಿದೆಯೆಂಬುದು ನಮ್ಮ ಅಭಿಪ್ರಾಯ. ಆದರೆ ಅಧಿಕಾರ ಹೋದರೂ ಯೋಚನೆ ನಿಲ್ಲಲಿಲ್ಲ. ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು 1934ರಲ್ಲಿ ಗ್ರಂಥ ಬರೆದರು. ಸ್ವಾತಂತ್ರ್ಯ ಬಂದ ಮೇಲೆ, ತೊಂಬತ್ತರ ಅಂಚಿನ ವಯಸ್ಸಿನಲ್ಲಿ, ಹಳ್ಳಿಗಳನ್ನು ಗುಂಪುಗೂಡಿಸಿ ಸ್ಥಳೀಯ ಸಮಿತಿಗಳ ಮೂಲಕ ಕೈಗಾರಿಕೆ ಬೆಳೆಸುವ ಯೋಜನೆಯನ್ನು ಮುಂದಿಟ್ಟರು.

1955ರಲ್ಲಿ ಭಾರತರತ್ನ ಪದವಿಯು ಅವರಿಗೆ ಸಂದಿತು. ನೂರು ವರ್ಷಗಳನ್ನು ದಾಟಿ 1962ರಲ್ಲಿ ಅವರು ದಿವಂಗತರಾದರು. ಅವರ ಸಮಾಧಿಯು ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿಯೇ ಇದೆ.